ಹತ್ತು ಸಲ, ಹತ್ತು ಪಟ್ಟು

ಹೋಮಾ ಬೇ
೯ ಮಾರ್ಚ್ ೨೦೨೪, ಶನಿವಾರ

ಪ್ರೀತಿಯ ಅಡೊಂಗೊ,

ಈ ಬೆಳಿಗ್ಗೆ ಅಪ್ಪನ ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ. ದೋಣಿ ಕಟ್ಟುವ ಕೆಲಸವಿಲ್ಲದ ಭಾನುವಾರವೂ, ಚರ್ಚಿನಲ್ಲಿ ಕೂಡ, ಅದು ಅಲ್ಲೇ ಇರುತ್ತಿತ್ತಲ್ಲ. ಆ ಬರಿಯ ಕಿವಿ ನೋಡಲಾಗದೆ ಬೇರೆ ಕಡೆ ತಿರುಗಿದೆ.

ನೀನು ಹೇಗಿದ್ದೀಯ? ಹಾಸ್ಟೆಲಿನ ಊಟ ಸುಧಾರಿಸಿತೇ? ನಿನ್ನ ಎರಡು ಕಾಗದಗಳಿಗೆ ಉತ್ತರ ಬರೆಯದೆ ತಿಂಗಳಾಯಿತು, ಕ್ಷಮಿಸು. ಫೋನಿನಲ್ಲಿ ನನಗೆ ಮಾತು ಹೊರಡುವುದಿಲ್ಲ, ನಿನಗೆ ಗೊತ್ತು. ಇಲ್ಲಿ ಓಮೆನಾ ಮೀನು ಚೆನ್ನಾಗಿ ಬೀಳುತ್ತಿದೆ. ಅಮ್ಮ ದಿನವಿಡೀ ದಡದಲ್ಲಿ ಒಣಗಿಸುತ್ತಾಳೆ. ನನಗಿನ್ನೂ ಯಾವ ಶಾಲೆಯಲ್ಲೂ ಕೆಲಸ ಸಿಕ್ಕಿಲ್ಲ.

ನಿನ್ನ ನರ್ಸಿಂಗ್ ಪರೀಕ್ಷೆಯ ಶುಲ್ಕವನ್ನು ಈ ತಿಂಗಳು ಕಟ್ಟಲಾಗುವುದಿಲ್ಲ. ಸುತ್ತಿ ಬಳಸಿ ಹೇಳಲು ನನಗೆ ಬರಲಿಲ್ಲ.

ಅಪ್ಪ ಹೊಸ ದೋಣಿ ಮಾರಿ ನಲವತ್ತು ಸಾವಿರ ಶಿಲ್ಲಿಂಗ್ ತಂದಿದ್ದರು. ಬೇಕಾದದ್ದು ಅರವತ್ತು. ಆಗ ಫುಟ್‌ಬಾಲ್ ಬಾಜಿಯ ಒಂದು ಕಂಪನಿಯಿಂದ ಫೋನಿಗೆ ಸಂದೇಶ ಬಂತು: ನೀವು ಹಾಕಿದಷ್ಟೇ ಬೋನಸ್ ನಾವೂ ಹಾಕುತ್ತೇವೆ. ಹತ್ತು ಸಲ ಆಡಿದರೆ ಎಲ್ಲವನ್ನೂ ತೆಗೆದುಕೊಳ್ಳಬಹುದೆಂದು ಅಪ್ಪ ತಿಳಿದರು. ನಲವತ್ತನ್ನೂ ಹಾಕಿ, ನಾಲ್ಕು ದಿನದಲ್ಲಿ ಸಣ್ಣ ಸಣ್ಣ ಬಾಜಿ ಹತ್ತು ಕಟ್ಟಿದರು. ಆರು ಗೆದ್ದರು. ಪರದೆಯ ಮೇಲೆ ಎಂಬತ್ತೆರಡು ಸಾವಿರ! ಅಂದು ಉಗಾಲಿ ಮುದ್ದೆಯನ್ನು ಮೂರು ಸಲ ಹಾಕಿಸಿಕೊಂಡು ಉಂಡರು. ಆದರೆ ತೆಗೆಯಲು ಹೋದರೆ ಹಣ ಬರಲಿಲ್ಲ.

ಮೊಬೈಲ್ ಅಂಗಡಿಯ ಒಗುತು ನೋಡಿ ನಕ್ಕನಂತೆ. "ಹತ್ತು ಸಲ ಅಲ್ಲ ಯಜಮಾನ್ರೇ, ಹತ್ತು ಪಟ್ಟು. ನಿಮ್ಮ ದುಡ್ಡೂ ಬೋನಸ್ಸೂ ಸೇರಿ ಎಂಬತ್ತು. ಏಳು ದಿನದಲ್ಲಿ ಎಂಟು ಲಕ್ಷದಷ್ಟು ಬಾಜಿ ಕಟ್ಟಿ ಮುಗಿಸ್ಬೇಕು. ಗೆದ್ದೇ ಗೆಲ್ಲುತ್ತೆ ಅನ್ನೋ ತಂಡದ ಮೇಲೆ ಕಟ್ಟಿದ್ದು ಲೆಕ್ಕಕ್ಕಿಲ್ಲ. ಅಲ್ಲೀತನಕ ನಿಮ್ಮ ನಲವತ್ತೂ ಅವರ ಜೇಬಲ್ಲೇ."

ಮೂರು ದಿನ ಉಳಿದಿತ್ತು. ಅಪ್ಪ ಹೆಸರೂ ಕೇಳದ ಊರುಗಳ ತಂಡಗಳ ಮೇಲೆ ದೊಡ್ಡ ದೊಡ್ಡ ಬಾಜಿ ಕಟ್ಟಿದರು. ಎರಡನೆಯ ದಿನ ಸಂಜೆಗೆ ಪರದೆ ಸೊನ್ನೆ ತೋರಿಸಿತು.

ಅಮ್ಮ ಅಳಲಿಲ್ಲ. ಮೀನು ಆರಿಸುತ್ತಲೇ ಕೇಳಿದಳು, "ಮೂರನೇ ಕ್ಲಾಸಿಗೆ ಶಾಲೆ ಬಿಟ್ಟೋರಿಗೆ ಆ ಇಂಗ್ಲಿಷ್ ನಿಯಮ ಯಾರು ಓದಿ ಹೇಳಿದ್ರು?"

"ನಾನೇ ಓದ್ಕೊಂಡೆ."

"ಬಿ.ಎ. ಮಾಡಿದೋಳು ಮನೇಲೇ ಕೂತಿದಾಳೆ. ಅವಳನ್ನ ಒಂದು ಮಾತು ಕೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

ಅಪ್ಪ ತಲೆ ತಗ್ಗಿಸಿ ತಪ್ಪಾಯಿತೆಂದರು. ಈಗ ದಡದ ಬಡಗಿಗಳು ಮೊಳೆ ಕೊಡುವಾಗಲೂ ಹತ್ತೋ ಹತ್ತು ಪಟ್ಟೋ ಎಂದು ಕೇಳಿ ನಗುತ್ತಾರೆ. ಅಪ್ಪನೂ ಜೊತೆಗೆ ನಗುತ್ತಾರೆ. ಅದನ್ನೇ ನನ್ನಿಂದ ತಡೆಯಲಾಗುವುದಿಲ್ಲ.

ಈ ಸಲದ ಪರೀಕ್ಷೆ ತಪ್ಪಿ ನಿನಗೆ ಒಂದು ವರ್ಷ ಹೋಯಿತು. ಸಮಾಧಾನ ಹೇಳುವ ಮುಖ ನನಗಿಲ್ಲ, ಬೇರೆ ದಾರಿಯೂ ಕಾಣುತ್ತಿಲ್ಲ. ಹತ್ತು ನಿಮಿಷ ಮೊದಲು ಹುಟ್ಟಿದ ಹಕ್ಕಿನಿಂದ ಹರಸುತ್ತೇನೆ: ದೇವರು ನಿನ್ನ ಕೈ ಬಿಡದಿರಲಿ, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅವಳಿ,
ಅಪಿಯೋ

ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲಾರದೆ ಹೋದದ್ದು: ಅಪ್ಪ ನನ್ನನ್ನು ಕೇಳಿದ್ದರು. ನಿಯಮದ ಪುಟ ತೆರೆದ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ನಾನು ಕಾದಂಬರಿಯ ನಡುವೆ ಬೆರಳಿಟ್ಟುಕೊಂಡೇ ಮೊದಲ ಸಾಲು ನೋಡಿ, "ಹತ್ತು ಸಲ ಆಡ್ಬೇಕು, ಅಷ್ಟೇ" ಎಂದೆ. ಇಂಗ್ಲಿಷಿನ ಆ 'ಟೈಮ್ಸ್' ಎಂಬ ಪದಕ್ಕೆ ಸಲ ಎಂದೂ ಅರ್ಥ, ಪಟ್ಟು ಎಂದೂ ಅರ್ಥ. ಮುಂದಿನ ಸಾಲು ಓದಿದ್ದರೆ ತಿಳಿಯುತ್ತಿತ್ತು. ಅಮ್ಮ ಕೇಳಿದಾಗ ನಾನು ಅಲ್ಲೇ ಇದ್ದೆ. ಅಪ್ಪ ನನ್ನತ್ತ ನೋಡಲೂ ಇಲ್ಲ, ನಾನು ಬಾಯಿ ಬಿಡಲೂ ಇಲ್ಲ. ಅಮ್ಮ ದಡದಿಂದ ಊಟಕ್ಕೆ ಬರುವ ಹೊತ್ತಾಯಿತು. ಇವತ್ತು ಅಪ್ಪನ ಎದುರಿಗೇ ಹೇಳುತ್ತೇನೆ.