ಮೂಲೆ ಕತ್ತರಿಸಿದ ಕಾಗದ

ಕಡಯಂಪಟ್ಟಿ
೨೩-೧೨-೧೯೭೧

ನನ್ನವರಿಗೆ ಕಮಲಾಕ್ಷಿಯ ನಮಸ್ಕಾರಗಳು.

ಉತ್ತರ ತಡವಾಯಿತು, ಬೇಸರಿಸಬೇಡಿ. ನಿಮ್ಮ ಕಾಗದ ಬಂದು ಐದು ದಿನವಾಯಿತು. ಪಾಪುವಿಗೆ ಹಲ್ಲು ಬರುತ್ತಿದೆ, ಜ್ವರ. ತಾನೂ ಮಲಗುವುದಿಲ್ಲ, ನನ್ನನ್ನೂ ಮಲಗಿಸುವುದಿಲ್ಲ. ಕಾಗದ ಬಂದ ದಿನ ಅವಳನ್ನು ಓಮಲೂರಿನ ಡಾಕ್ಟರಿಗೆ ತೋರಿಸಿಕೊಂಡು ಬಂದರೆ ಮನೆ ಮುಂದೆ ಜನ. ಅತ್ತೆ ಬೀದಿಯಲ್ಲಿ ಕೂತು ಎದೆ ಬಡಿದುಕೊಳ್ಳುತ್ತಿದ್ದರು.

ನೀವು ಮೇಲಿನ ಮೂಲೆಯಲ್ಲಿ ವಿಮಾನ ನೆಲೆಯ ಹೆಸರು ಬರೆದಿದ್ದಿರೆಂದು ಕಾಣುತ್ತದೆ. ಯುದ್ಧದ ಕಾಲ, ಸೆನ್ಸಾರಿನವರು ಆ ಮೂಲೆಯನ್ನೇ ಕತ್ತರಿಸಿದ್ದಾರೆ. ನಮ್ಮಲ್ಲಿ ಮೂಲೆ ಹೋದ ಕಾಗದವೆಂದರೆ ಸಾವಿನ ಕಾಗದ, ಹೊಸಿಲು ದಾಟಿಸುವುದಿಲ್ಲ. ಓದು ಬಾರದ ಅತ್ತೆ ಲಕೋಟೆ ಬಿಚ್ಚಿ ಮೂಲೆಯೊಂದನ್ನೇ ನೋಡಿ, ಕಾಗದವನ್ನು ಬೇಲಿಗೆಸೆದಿದ್ದರು.

“ಓದ್ಬ್ಯಾಡ ಕಣಮ್ಮಿ, ಮೂಲೇನೇ ಯೇಳ್ತೈತೆ,” ಎಂದರು.

ನಾನು ಹೆಕ್ಕಿ ಓದಿದೆ. ನಿಮ್ಮದೇ ಅಕ್ಷರ, ಕ್ಷೇಮವೆಂದು. “ಸತ್ತೋರು ಕಾಗ್ದ ಬರೀತಾರಾ ಅತ್ತೆ?” ಎಂದೆ.

ಪಕ್ಕದ ಮನೆಯ ಕಾಳಿಯಮ್ಮ ಚಿಕ್ಕಮ್ಮ ಸುಮ್ಮನಿರಲಿಲ್ಲ. “ಬರ್ದಾಗ ಇದ್ದ. ಈಗ?”

ಅದೇ ಮಾತು ಒಳಗೆ ಕೂತಿದೆ. ಮೂಲೆಯ ಜೊತೆ ತಾರೀಖೂ ಹೋಗಿದೆ. ಅಂಚೆಯ ಮುದ್ರೆ ಬರೀ ಮಸಿ. ಯುದ್ಧ ಶುರುವಾದಾಗ ಬರೆದಿರೋ, ಮುಗಿಯುವ ಹೊತ್ತಿಗೋ?

ಇನ್ನೊಂದು ಕೇಳಬೇಕು. ನಿಮ್ಮ ಕೆಲಸ ಇಂಜಿನ್ ರಿಪೇರಿ, ಕಡಲೊಳಗಿನ ಶತ್ರು ಹಡಗು ಹುಡುಕುತ್ತ ಹಾರುವವರು ಬೇರೆ ಎಂದು ಪಾಪುವಿನ ತಲೆ ಮುಟ್ಟಿ ಹೇಳಿದ್ದಿರಿ. ಈ ಕಾಗದದಲ್ಲಿ, ‘ಮೇಲಿಂದ ನೋಡಿದರೆ ನೊರೆ ನಮ್ಮ ಕುರಿಮಂದೆ ಕದಲಿದ ಹಾಗೆ’ ಎಂದಿದ್ದೀರಿ. ನೆಲದ ಮೇಲೆ ನಿಂತವರಿಗೆ ಕಡಲು ಮೇಲಿಂದ ಹೇಗೆ ಕಂಡಿತು? ಎಷ್ಟು ದಿನದಿಂದ ಹಾರುತ್ತಿದ್ದೀರಿ? ನಾನು ನಿದ್ದೆ ಮಾಡಲೆಂದು ನೀವು ಸುಳ್ಳು ಹೇಳಿರಬಹುದು. ನಿದ್ದೆಯಂತೂ ಇಲ್ಲ, ನಿಜವನ್ನೇ ಬರೆಯಿರಿ. ಒಂದು ಸಾಲು ಸಾಕು. ತಾರೀಖನ್ನು ಕಾಗದದ ನಡುವೆ ಹಾಕಿ.

ಮಾದೇಶ್ವರ ನಿಮ್ಮನ್ನು ಕಾಯಲಿ. ಪಾಪು ನಿಮ್ಮ ಫೋಟೋ ತೋರಿಸಿದರೆ ಕೈ ಆಡಿಸುತ್ತಾಳೆ.

ನಿಮ್ಮ
ಕಮಲಾಕ್ಷಿ

ತಾ.ಕ.: ಕಾಗದ ಹೆಕ್ಕುವ ಮೊದಲು ನಡೆದದ್ದನ್ನು ಮೇಲೆ ಬರೆಯಲಿಲ್ಲ. ಕಾಳಿಯಮ್ಮ ಚಿಕ್ಕಮ್ಮ “ಕೈ ಕೊಡವ್ವ” ಎಂದರು. ಕೊಟ್ಟೆ. ಎಡಗೈಯ ಬಳೆಗಳನ್ನು ಕಲ್ಲಿಗೆ ಬಡಿದು ಒಡೆದರು. ಬಲಗೈಯಲ್ಲಿ ಪಾಪು ಇದ್ದಳು, ಆ ಕೈಯ ಬಳೆಗಳು ಉಳಿದವು. ಬಿ.ಎ. ಓದಿದವಳು ನಾನು, ಕಾಗದ ನಾಲ್ಕು ಮಾರು ದೂರದಲ್ಲಿ ಬಿದ್ದಿತ್ತು. ಓದದೆ ಕೈ ಚಾಚಿದೆ. ಕ್ಷಮಿಸಲಾದರೂ ನೀವು ಇರಬೇಕು.