ಕರಗುವ ಗಂಟು

೧೮ ಏಪ್ರಿಲ್ ೨೦೧೬, ಸೋಮವಾರ. ಬೀದರ.

ಒಳ್ಳೆಯ ಸುದ್ದಿಯನ್ನು ನಾನು ಅಷ್ಟು ಖುಷಿಯಿಂದ ಹೇಳಬಾರದಿತ್ತು.

ಹಲಬರ್ಗಾದ ಪಂಢರಿಯ ಗಂಟಲಿನ ಗಂಟಿನ ತುಣುಕು ಪರೀಕ್ಷೆಯಾಗಿ ಬಂತು. ಅದರಲ್ಲಿ ಪಿ-೧೬ ಪ್ರೋಟೀನ್ ತುಂಬಿದೆ. ಅಂದರೆ ವೈರಸ್ಸಿನಿಂದ ಬಂದ ಕ್ಯಾನ್ಸರ್. "ಇಂಥಾದ್ದು ಕರೆಂಟ್ ಕೊಟ್ರ, ಅಂದ್ರ ರೇಡಿಯೇಶನ್ ಕೊಟ್ರ, ಚಲೋತ್ನಾಗಿ ಕರಗ್ತದ" ಎಂದೆ.

ಅವನ ಹೆಂಡತಿ ಶಾಲುಬಾಯಿ ಕೈಮುಗಿದಳು. "ಕರಗೋದೇ ಇದ್ರ ಅವಸರ ಯಾಕ್ರಿ, ಡಾಕ್ಟರ್ ಸಾಬ್? ಬಾವ್ಯಾಗ ನೀರಿಲ್ಲ. ಹೈದ್ರಾಬಾದಿಗಿ ದುಡಿಯಾಕ ಹೋಗಿ, ಮಳಿ ಬಿದ್ದ ಮ್ಯಾಲ ಬರ್ತೇವ್ರಿ."

ಮಳೆಗಾಲದ ತನಕ ಅದು ಕಾಯುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಪಂಢರಿ ನಗುತ್ತಲೇ ಎದ್ದ. "ನೀವೇ ಅಂದ್ರಲ್ರಿ, ಕರಗ್ತದಂತ."

ನಾಳೆ ಔರಾದಿನ ಮಚ್ಛೇಂದ್ರ ಬರುತ್ತಾನೆ. ಅವನ ವರದಿಯೂ ಹೀಗೆಯೇ ಇದೆ. ಅವನೂ ಊರು ಬಿಡಲು ಸಾಮಾನು ಕಟ್ಟಿದ್ದಾನಂತೆ. ಗುಣವಾಗುತ್ತದೆ ಎಂಬ ಮಾತನ್ನು ಸಪ್ಪೆ ಮುಖ ಮಾಡಿಕೊಂಡು ಹೇಳುವುದು ಹೇಗೋ...