ಅಕ್ಕಾವ್ರ ಕೂದಲು

ಮಾರ್ಚ್ 3, ಸೋಮವಾರ

ಕ್ಲಿಯರ್! ಅಕ್ಕಾವ್ರು ಕ್ಲಿಯರ್! ಲ್ಯಾಬಿನಲ್ಲೇ ಒಂದು ಸುತ್ತು ಕುಣಿದೆ.

ಅಕ್ಕಾವ್ರು ಅಂದರೆ ಅತ್ತೆಯ ಕುದುರೆ. ಅತ್ತೆಗೆ ಹೆಣ್ಣುಮಕ್ಕಳಿಲ್ಲ. ಅವರ ರೈಡಿಂಗ್ ಸ್ಕೂಲಿನ ಆ ಕಂದು ಕುದುರೆಯೇ ಮನೆಮಂದಿಗೆಲ್ಲ ಅಕ್ಕಾವ್ರು. ಮದುವೆಯಾಗಿ ಐದೇ ವಾರ, ನನಗೆ ನಾಲ್ಕು ಕಾಲಿನ ನಾದಿನಿ!

ಅವಳ ಹಿಂದಿನ ಮರಿ ನಾಲ್ಕು ತಿಂಗಳಿಗೇ ಹೋಯಿತು. ನ್ಯುಮೋನಿಯಾ. ಅತ್ತೆಯ ಮಡಿಲಲ್ಲೇ. ಸುಮ್ಮನೆ ಬಂದ ಕಾಯಿಲೆಯೋ, ಜೀನಿನ ದೋಷವೋ, ಯಾರಿಗೂ ಗೊತ್ತಿಲ್ಲ. ದೋಷ ತಂದೆತಾಯಿ ಇಬ್ಬರಲ್ಲೂ ಅಡಗಿದ್ದರೆ ನಾಲ್ಕರಲ್ಲಿ ಒಂದು ಮರಿಗೆ ರೋಗ ತಡೆಯುವ ಶಕ್ತಿಯೇ ಇರುವುದಿಲ್ಲ. ಈಗ ನೋಡಿಟ್ಟಿರುವ ಗಂಡು ಕುದುರೆ ಕ್ಯಾರಿಯರ್, ಅಂದರೆ ದೋಷ ಒಳಗೆ ಅಡಗಿದೆ. ಹೆಣ್ಣು ಕ್ಲಿಯರ್ ಆದರೆ ಮಾತ್ರ ಸಂಬಂಧ. ಕೂದಲಿನಿಂದ ಜೀನ್ ಟೆಸ್ಟ್ ಮಾಡಿದ್ದು ಯಾರು? ಹೊಸ ಸೊಸೆ!

ಹೆಡ್ ಮೇಡಂ ರಿಪೋರ್ಟ್ ನೋಡುವ ಮೊದಲೇ ಅತ್ತೆಗೆ ಫೋನ್ ಮಾಡಿಬಿಟ್ಟೆ.

"ನಿನ್ನ ಬಾಯಿಗೆ ಸಕ್ಕರೆ ಹಾಕ! ನಿನ್ನ ಹಲ್ಲು ನೋಡಿದಾಗಲೇ ಅಂದ್ಕೊಂಡೆ ಕಣೇ, ಒಳ್ಳೇ ತಳಿ ಅಂತ."

ಮಾರ್ಚ್ 6, ಗುರುವಾರ

ಕ್ರಾಸ್ ಮಾಡಿಸಿದರಂತೆ. ಇಷ್ಟು ಬೇಗ! ಇವರು ನನಗೆ ಹೊಸ ಹೆಸರಿಟ್ಟಿದ್ದಾರೆ: ಮದುವೆ ಬ್ರೋಕರ್.

ಮಾರ್ಚ್ 24, ಸೋಮವಾರ

ಗಬ್ಬ! ಸ್ಕ್ಯಾನಿನಲ್ಲಿ ಒಂದು ಕಪ್ಪು ಚುಕ್ಕೆ. ಅತ್ತೆ ಅದರ ಸುತ್ತ ಕೆಂಪು ಗೆರೆ ಎಳೆದು ಫೋಟೋ ಕಳಿಸಿದ್ದಾರೆ. ಇವರು ಪ್ರಿಂಟ್ ತೆಗೆಸಿ ಫ್ರಿಡ್ಜಿಗೆ ಅಂಟಿಸಿದರು. ನನ್ನ ಗಂಡ ಹಲ್ಲಿನ ಡಾಕ್ಟರು, ಕುದುರೆಯ ಸ್ಕ್ಯಾನ್ ಒಂದಿಷ್ಟೂ ತಿಳಿಯದು. ಆದರೂ "ನನ್ನ ಹಾಗೇ ಇದೆ ನೋಡು" ಅಂದರು. ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

ಮಾರ್ಚ್ 25, ಮಂಗಳವಾರ. ಮಧ್ಯಾಹ್ನ 3

ಹಳೆಯ ಸ್ಯಾಂಪಲ್ ಕವರುಗಳನ್ನು ಜೋಡಿಸುತ್ತಿದ್ದೆ. ಅಕ್ಕಾವ್ರ ಕವರು ಕೈಗೆ ಬಂತು. ಸುಮ್ಮನೆ ಪ್ರೀತಿಗೆ ತೆರೆದೆ.

ಕೂದಲಿನ ಎರಡೂ ತುದಿ ನೀಟಾಗಿದೆ. ಕತ್ತರಿಯಲ್ಲಿ ಕತ್ತರಿಸಿದ್ದು. ಬುಡವೇ ಇಲ್ಲ. ನಮಗೆ ಬೇಕಾದದ್ದು ಬುಡದ ಆ ಬಿಳಿ ಚುಕ್ಕೆ, ಜೀನ್ ಸಿಗುವುದು ಅಲ್ಲಿ, ಅದಕ್ಕೇ ಕಿತ್ತು ಕಳಿಸಿ ಎನ್ನುವುದು. ಇದರಿಂದ ನನಗೆ ಏನೂ ಸಿಗಬಾರದಿತ್ತು.

ಆದರೆ ಸಿಕ್ಕಿತು. ಅಷ್ಟು ಚೆಂದದ ರಿಸಲ್ಟ್.

ಯಾರದು ಅದು?

3.40. ರಿಜಿಸ್ಟರ್ ನೋಡಿದೆ. ಅಕ್ಕಾವ್ರ ಟ್ಯೂಬ್ ಹದಿನಾಲ್ಕನೆಯದು. ಹದಿನೈದನೆಯ ಟ್ಯೂಬಿನ ಕುದುರೆಗೆ ಏನೂ ಬಂದಿಲ್ಲ. ಅದರ ಮಾಲೀಕರಿಗೆ "ಸ್ಯಾಂಪಲ್ ಸರಿಯಿಲ್ಲ, ಮತ್ತೆ ಕಳಿಸಿ" ಎಂದು ಬರೆದವಳೂ ನಾನೇ. ಅವರ ಕವರು ತೆರೆದೆ. ಪ್ರತಿ ಕೂದಲಿಗೂ ಬುಡ.

ಅದಲು ಬದಲು. ಆ ಕ್ಲಿಯರ್ ಹದಿನೈದರ ಕುದುರೆಯದು. ಅವತ್ತು ಫೋನ್ ಕಿವಿ-ಭುಜದ ಮಧ್ಯೆ ಸಿಕ್ಕಿಸಿಕೊಂಡು ಇವರ ಜೊತೆ ನಗುತ್ತಾ ಟ್ಯೂಬ್ ತುಂಬಿದ್ದು… ನೆನಪಿದೆ. ಚೆನ್ನಾಗಿ ನೆನಪಿದೆ.

ಸಂಜೆ 7

ಇವರಿಗೆ ಹೇಳಿದೆ. ಫ್ರಿಡ್ಜಿನ ಮೇಲಿನ ಫೋಟೋ ನೋಡಿದರು.

"ಅಮ್ಮಂಗೆ ಈಗಲೇ ಹೇಳ್ಬೇಡ. ಏನಾದ್ರೂ ನೆಪ ಹೇಳಿ ಕೂದಲು ತರಿಸ್ಕೊಳ್ಳೋಣ."

"ಅವಳು ಕ್ಯಾರಿಯರ್ ಅಂತ ಬಂದ್ರೆ?"

"ಬಂದ್ರೂ ನಾಲ್ಕರಲ್ಲಿ ಮೂರು ಪಾಲು ಮರಿ ಬದುಕುತ್ತೆ ಅಂದ್ಯಲ್ಲ?"

ನಾಲ್ಕನೆಯದು ಯಾರ ಮಡಿಲಿಗೆ?

ಕ್ಯಾರಿಯರ್ ಎಂದಾದರೆ ಗಬ್ಬ ಇಳಿಸಬಹುದು, ಒಂದು ಇಂಜೆಕ್ಷನ್. ಆದರೆ ಏಪ್ರಿಲ್ ಹತ್ತರೊಳಗೆ. ಆಮೇಲೆ ಕಷ್ಟ. ಇಳಿಸುವುದೋ ಬಿಡುವುದೋ, ಅದು ಅತ್ತೆಯ ತೀರ್ಮಾನ. ನೆಪ ಹೇಳಿದರೆ ಅದನ್ನೂ ಅವರಿಂದ ಕದ್ದ ಹಾಗೆ.

ಮಾರ್ಚ್ 26, ಬುಧವಾರ

ಹೆಡ್ ಮೇಡಂ ಎರಡೂ ಕವರು ನೋಡಿದರು. ಕನ್ನಡಕ ತೆಗೆದರು. ಅದು ಕೆಟ್ಟ ಲಕ್ಷಣ.

"ಹದಿನಾಲ್ಕರ ಮಾಲೀಕರಿಗೆ ನೀನೇ ಫೋನ್ ಮಾಡು. ಇವತ್ತೇ."

"ಮೇಡಂ, ಮಾಲೀಕರು ನಮ್ಮತ್ತೆ."

"ಹಾಗಿದ್ರೆ ಈಗಲೇ ಮಾಡು."

ಮಾಡಲಿಲ್ಲ. ನಂಬರ್ ಒತ್ತಿದೆ, ಕಟ್ ಮಾಡಿದೆ. ಮೂರು ಸಲ. ಕೊನೆಗೆ ಅತ್ತೆಯ ಮೆಸೇಜೇ ಬಂತು: "ಮರಿಗೆ ಹೆಸರು ನೀನೇ ಇಡಬೇಕು."

ಮಾರ್ಚ್ 29, ಶನಿವಾರ

ಹೇಳಿದೆ. ಅತ್ತೆಗೆ, ಫೋನಿನಲ್ಲಿ, ಒಂದೇ ಉಸಿರಿಗೆ. ಟ್ಯೂಬು, ಫೋನು, ನಗು, ಎಲ್ಲ. ಮೂರು ದಿನ ಬಾಯಿ ಬರಲಿಲ್ಲ ಅನ್ನುವುದನ್ನೂ.

ಆ ಕಡೆಯಿಂದ ಅಕ್ಕಾವ್ರು ಹುಲ್ಲು ಅಗಿಯುವ ಸದ್ದು ಕೇಳಿಸುತ್ತಿತ್ತು. ಅತ್ತೆ ಲಾಯದಲ್ಲೇ ನಿಂತಿದ್ದರು.

"ಕವರಿನ ಮೇಲೆ 'ಕೀಳಿ' ಅಂತ ದಪ್ಪಕ್ಷರದಲ್ಲಿ ಬರೆದಿದ್ರಿ," ಅಂದರು. "ಓದಿದ್ದೆ. ಅವಳಿಗೆ ನೋಯುತ್ತೆ ಅಂತ ಕತ್ತರಿ ಹಾಕ್ದೆ. ಕೂದಲು ಅಂದ್ರೆ ಕೂದಲು ತಾನೇ ಅಂದ್ಕೊಂಡೆ."

"ಅತ್ತೆ, ತಪ್ಪು ನನ್ನದು…"

"ನಿನ್ನದೇ. ನಾನೇನು ಇಲ್ಲ ಅಂದ್ನಾ? ನನ್ನದೂ ಸ್ವಲ್ಪ ಇದೆ ಅಂದೆ, ಅಷ್ಟೇ." ಮೂಗು ಒರೆಸಿಕೊಂಡ ಸದ್ದು. "ನಾಳೆ ನಾನೇ ಕೀಳ್ತೀನಿ. ನಾನೇ ತರ್ತೀನಿ. ಪೋಸ್ಟೂ ಬೇಡ, ಗೀಸ್ಟೂ ಬೇಡ. ನನ್ನ ಕಣ್ಣೆದುರಿಗೇ ಮಾಡು. ಮತ್ತೆ ನೋಡು, ಮಾಡೋವಾಗ ಫೋನ್ ನನ್ನ ಕೈಲಿ ಕೊಟ್ಟಿರ್ಬೇಕು."

"ಕ್ಯಾರಿಯರ್ ಅಂತ ಬಂದ್ರೆ, ಅತ್ತೆ?"

"ಬಂದಾಗ ನೋಡೋಣ. ಆಗ ನಾನು ಅಲ್ಲೇ ಇರ್ತೀನಲ್ಲ."

ಫ್ರಿಡ್ಜಿನ ಮೇಲಿನ ಫೋಟೋ ತೆಗೆಯಲು ಹೋದೆ. ಆಗಲಿಲ್ಲ. ಅಲ್ಲೇ ಇದೆ.

ಸೋಮವಾರ. ಬೆಳಗಿನ ಏಳೂ ಇಪ್ಪತ್ತರ ಪ್ಯಾಸೆಂಜರ್ ರೈಲಿಗೆ ಅತ್ತೆ ಬರುತ್ತಾರೆ, ಕೈಯಲ್ಲಿ ಕೂದಲಿನ ಕವರು.